ಮೂರು ಲಾಳಿಯ ಹಕ್ಕಿ

ಹೆಂಡತಿ ತೀರಿಕೊಂಡ ಹದಿನಾಲ್ಕನೆಯ ದಿನ ಮೊಗುಲಪ್ಪ ಒಂದು ಸುಳ್ಳು ಬರೆದ. ಬರೆಯಬೇಕೆಂದು ಕೂತು ಬರೆದದ್ದಲ್ಲ. ನೆಂಟರೆಲ್ಲ ಎದ್ದು ಹೋಗಿದ್ದರು. ತೆಲುಗು ಗಡಿಯ ನಾರಾಯಣಪೇಟೆಯ ಆ ಒಂದೂವರೆ ಕೋಣೆಯ ಮನೆಯಲ್ಲಿ ಅವನೂ ಅವನ ಮಗ್ಗವೂ ಇಬ್ಬರೇ ಉಳಿದಿದ್ದರು. ಗೋಡೆಯ ಗೂಡಿನಲ್ಲಿಟ್ಟಿದ್ದ ಅನಂತಮ್ಮನ ಫೋನಿಗೆ ಇದ್ದಕ್ಕಿದ್ದಂತೆ ಬೆಳಕು ಬಂತು. ತೆಗೆದು ನೋಡಿದರೆ ‘ಪಾಲಮೂರು ಪಕ್ಷಿಗಳು’ ಎಂಬ, ಆ ಸೀಮೆಯ ಹಕ್ಕಿ ನೋಡುವವರ ವಾಟ್ಸಾಪ್ ಗುಂಪಿನಲ್ಲಿ ಗದ್ವಾಲದ ಪ್ರಶಾಂತಿ ಮೇಡಂ ಕೇಳಿದ್ದರು: ಅಮ್ಮಾ, ಎಲ್ಲಿದ್ದೀರಿ, ಹದಿನೈದು ದಿನದಿಂದ ನಿಮ್ಮ ಒಂದು ಹಕ್ಕಿಯೂ ಬಂದಿಲ್ಲ, ಆರಾಮ ಇದ್ದೀರಾ ಎಂದು. ಮೊಗುಲಪ್ಪ ಹೊಸ್ತಿಲ ಮೇಲೆ ಕೂತು ಒಂದೊಂದೇ ಅಕ್ಷರ ಒತ್ತಿ ‘ಜ್ವರ ಬಂದಿತ್ತು’ ಎಂದು ಬರೆದ. ಅಲ್ಲಿಯವರೆಗೆ ಅದು ನಿಜವೇ. ಮುಂದಿನ ಮಾತಿಗೆ ಬೆರಳು ಏಳಲಿಲ್ಲ. ಕಡೆಗೆ ‘ಈಗ ಅಡ್ಡಿಯಿಲ್ಲ’ ಎಂದು ಸೇರಿಸಿ ಕಳಿಸಿಬಿಟ್ಟ.

ಕಳಿಸಿದ್ದೇ ತಡ, ಗುಂಪಿನ ನಲವತ್ತಾರು ಮಂದಿಯಲ್ಲಿ ಹತ್ತು ಹನ್ನೆರಡು ಮಂದಿ ಕೈ ಮುಗಿದ ಚಿತ್ರ ಹಾಕಿದರು. ಒಬ್ಬರು ಬಿಸಿನೀರು ಕುಡಿಯಿರಿ ಅಂದರು. ಕೋಸಗಿಯ ಮಹೇಂದರ್ ಎಂಬ ಬಸ್ ಕಂಡಕ್ಟರ್, ನೀವಿಲ್ಲದೆ ಗುಂಪು ಬಿಕೋ ಅನ್ನುತ್ತಿತ್ತಮ್ಮಾ ಎಂದು ತೆಲುಗಿನಲ್ಲಿ ಬರೆದ. ಓಣಿಯಲ್ಲಿ ಆಗಲೇ ಯಾರೂ ಅನಂತಮ್ಮನ ಹೆಸರೆತ್ತುತ್ತಿರಲಿಲ್ಲ. ಎತ್ತಿದರೆ ಇವನು ಅತ್ತಾನೆಂಬ ಭಯ. ಫೋನಿನಲ್ಲಿ ಮಾತ್ರ ಅವಳು ಜ್ವರದಿಂದ ಎದ್ದು ಕೂತಿದ್ದಳು, ಜನ ಅವಳಿಗೆ ಬಿಸಿನೀರು ಕುಡಿಯಲು ಹೇಳುತ್ತಿದ್ದರು. ಅದನ್ನು ಎರಡು ಸಲ ಓದಿದ ಮೇಲೆ ಮೊಗುಲಪ್ಪನಿಗೆ ಹದಿನಾಲ್ಕು ದಿನದಲ್ಲಿ ಮೊದಲ ಬಾರಿಗೆ ಹಸಿವಾಯಿತು.

ಅವನ ಕಿವಿಯ ಕಥೆ ಈಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮದುವೆಯಾದ ವರ್ಷವೇ ಗಂಡ ಹೆಂಡತಿ ಭಿವಂಡಿಗೆ ದುಡಿಯಲು ಹೋದವರು, ಇಪ್ಪತ್ತೆರಡು ವರ್ಷ ಅಲ್ಲೇ ಇದ್ದರು. ಅವನು ಪವರ್‌ಲೂಮ್ ಶೆಡ್ಡಿನಲ್ಲಿ, ಅವಳು ಗೋಡೆಯಾಚೆ ಕಂಡಿಕೆಗೆ ನೂಲು ಸುತ್ತುವ ಕೋಣೆಯಲ್ಲಿ. ತಗಡಿನ ಶೆಡ್ಡು, ಒಳಗೆ ನಲವತ್ತು ಮಗ್ಗ ಒಟ್ಟಿಗೆ ಬಡಿಯುತ್ತಿದ್ದವು. ಅಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವನಿಗೆ ಕೇಳುವುದಿಲ್ಲ. ಅದಕ್ಕೇ ಅಲ್ಲಿನವರು ದನಿ ತೆಗೆಯುವುದನ್ನೇ ಬಿಟ್ಟು ಬರೀ ತುಟಿ ಆಡಿಸಿ ಮಾತಾಡುತ್ತಾರೆ. ಅನಂತಮ್ಮ ಕಂಡಿಕೆಯ ಬುಟ್ಟಿ ಹೊತ್ತು ಬಾಗಿಲಲ್ಲಿ ನಿಂತರೆ ಇವನು ಆ ತುದಿಯಿಂದ ತುಟಿಯಲ್ಲೇ ಉಂಡೆಯೇನೆ ಅನ್ನುತ್ತಿದ್ದ. ಅವಳು ತುಟಿಯಲ್ಲೇ, ನಿಮ್ಮನ್ನು ಬಿಟ್ಟು ಎಂದಾದರೂ ಉಂಡಿದ್ದೇನೆಯೇ ಎಂದು ಬೈಯುತ್ತಿದ್ದಳು. ಜಗಳವೂ ಹಾಗೇ, ಸರಸವೂ ಹಾಗೇ.

ಊರಿಗೆ ಮರಳುವ ಹೊತ್ತಿಗೆ ಮೊಗುಲಪ್ಪನ ಕಿವಿಯಲ್ಲಿ ಸಣ್ಣ ದನಿಗಳಿಗೆ ಜಾಗ ಉಳಿದಿರಲಿಲ್ಲ. ಲಾರಿ ಕೇಳುತ್ತಿತ್ತು, ಗುಡುಗು ಕೇಳುತ್ತಿತ್ತು. ಎದುರು ಕೂತವರ ಮಾತನ್ನು ಅರ್ಧ ಕಿವಿಯಿಂದ, ಅರ್ಧ ಅವರ ತುಟಿಯಿಂದ ತಿಳಿದುಕೊಳ್ಳುತ್ತಿದ್ದ. ಕುಕ್ಕರಿನ ಸೀಟಿ, ಸೈಕಲ್ಲಿನ ಗಂಟೆ, ಹಕ್ಕಿ, ಇವೆಲ್ಲ ಹೊರಟೇ ಹೋಗಿದ್ದವು. ಅನಂತಮ್ಮನ ಕಿವಿ ಗೋಡೆಯಾಚೆ ಇದ್ದ ಪುಣ್ಯಕ್ಕೆ ನೆಟ್ಟಗೆ ಉಳಿದಿತ್ತು. ಮಕ್ಕಳಾಗಲಿಲ್ಲ. ಇಬ್ಬರಿಗೆ ಒಂದು ಜೊತೆ ಕಿವಿ ಸಾಕು ಎಂದು ಅವಳೇ ನಗುತ್ತಿದ್ದಳು.

ಊರಲ್ಲಿ ಅವರು ಕೈಮಗ್ಗಕ್ಕೆ ಕೂತರು. ಗದ್ವಾಲದ ಸಾವ್ಕಾರನಿಗಾಗಿ ಮೂರು ಲಾಳಿಯ ಸೀರೆ. ನೂಲನ್ನು ಅಡ್ಡಕ್ಕೆ ಒಯ್ಯುವ ಲಾಳಿ ಒಡಲಿಗೊಂದು, ಎರಡು ಅಂಚಿಗೆ ಎರಡು. ಇದನ್ನು ಒಬ್ಬರೇ ನೇಯಲು ಆಗುವುದಿಲ್ಲ. ಆಚೆ ಅಂಚಿನ ಲಾಳಿ ದಾಟಿಸಲು ಆಚೆ ಬದಿಗೆ ಇನ್ನೊಬ್ಬರು ಕೂರಬೇಕು. ಹತ್ತು ವರ್ಷ ಅನಂತಮ್ಮ ಆಚೆ ಬದಿಗೆ ಕೂತಳು. ಸೆರಗಿನ ಮೇಲೆ ಹಾಕುವ ನವಿಲು, ಹಂಸ, ಗಿಳಿ, ಮತ್ತೆ ಅದೇ ನವಿಲು ನೋಡಿ ನೋಡಿ ಅವಳಿಗೆ ಬೇಸರ ಬಂದಿತ್ತು. ಈ ಊರಲ್ಲಿ ಬೇರೆ ಹಕ್ಕಿಯೇ ಇಲ್ಲವೇ ಎಂದು ಒಂದು ದಿನ ಎದ್ದು ಹೊರಟವಳು ಕೊಂಡಾರೆಡ್ಡಿಪಲ್ಲಿ ಕೆರೆಯ ದಂಡೆಗೆ ಹೋಗಿ ಕೂತಳು. ಸೀರೆಯ ಫೋಟೋ ತೆಗೆಯಲೆಂದು ಸಾವ್ಕಾರ ಕೊಟ್ಟಿದ್ದ, ಫೋನು ಬಂದ ಮೇಲೆ ಯಾರಿಗೂ ಬೇಡವಾಗಿದ್ದ ಕ್ಯಾಮೆರಾ ಮನೆಯಲ್ಲೇ ಬಿದ್ದಿತ್ತು. ದೂರದ್ದನ್ನು ಹತ್ತಿರ ತೋರಿಸುವ ಉದ್ದನೆಯ ಮೂತಿ ಅದಕ್ಕೆ. ಹಿಂದೆಯೇ ಹೋದ ಮೊಗುಲಪ್ಪ ಅದರಲ್ಲಿ ಒಂದು ಮಿಂಚುಳ್ಳಿಯನ್ನು ಹಿಡಿದ. ನೀಲಿ ನೂಲಿನ ಎಷ್ಟು ಬಣ್ಣ ನೋಡಿದ್ದ ಅವನು, ಆ ನೀಲಿಯನ್ನು ಮಾತ್ರ ನೋಡಿರಲಿಲ್ಲ. ಅಲ್ಲಿಗೆ ಇಬ್ಬರಿಗೂ ಹುಚ್ಚು ಹಿಡಿಯಿತು.

ಹೊಸ ಹಕ್ಕಿ ಸೆರಗಿಗೆ ಬರಲೇ ಇಲ್ಲ, ಸಾವ್ಕಾರ ಒಪ್ಪಬೇಕಲ್ಲ. ಆದರೆ ವಾರಕ್ಕೊಮ್ಮೆ ಬುತ್ತಿ ಕಟ್ಟಿಕೊಂಡು ಹೊರಡುವುದು ನಿಲ್ಲಲಿಲ್ಲ. ಅವಳು ಕೇಳಿ ತೋರಿಸಬೇಕು, ಇವನು ನೋಡಿ ಹಿಡಿಯಬೇಕು. ಕೂಗನ್ನು ಅವಳು ಫೋನಿನಲ್ಲಿ ಹಿಡಿದು ‘ಇಕಾ, ಕೇಳ್ರಿ’ ಎಂದು ಮೊದಲು ತನ್ನ ದನಿ ಸೇರಿಸಿ ಗುಂಪಿಗೆ ಕಳಿಸುತ್ತಿದ್ದಳು. ಗದ್ವಾಲದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಪ್ರಶಾಂತಿ ಮೇಡಂ ಅದನ್ನು ಕೇಳಿ, ಫೋಟೋ ನೋಡಿ, ಹಕ್ಕಿಯ ಹೆಸರು ಹೇಳಿ ಅವಳ ಪಟ್ಟಿಗೆ ಸೇರಿಸುತ್ತಿದ್ದರು. ನಾಲ್ಕು ವರ್ಷದಲ್ಲಿ ಅನಂತಮ್ಮನ ಹೆಸರಿನಲ್ಲಿ ನೂರಾ ನಲವತ್ತೊಂಬತ್ತು ಹಕ್ಕಿ. ಗುಂಪಿನವರಾರೂ ಅವಳ ಮುಖ ಕಂಡವರಲ್ಲ. ಎಲ್ಲರಿಗೂ ಗೊತ್ತಿದ್ದದ್ದು ಅವಳ ದನಿ ಒಂದೇ. ಗಂಡನೊಬ್ಬ ಇದ್ದಾನೆ, ಫೋಟೋ ಅವನೇ ತೆಗೆಯುತ್ತಾನೆ ಎಂಬುದು ಎಷ್ಟೋ ಜನಕ್ಕೆ ತಿಳಿದೇ ಇರಲಿಲ್ಲ.

ನೂರೈವತ್ತನೆಯದರ ಮೇಲೆಯೇ ಗಂಡ ಹೆಂಡತಿಗೆ ಜಗಳವಾದದ್ದು.

ಹೋದ ವರ್ಷ ಹೋಳಿ ಹುಣ್ಣಿಮೆ ಕಳೆದು ನಾಲ್ಕು ದಿನವಾಗಿತ್ತು. ಮಕ್ತಲದಾಚೆ ಸಂಗಂಬಂಡದ ನೀರು ನೋಡಲು ಹೋದವರು ಕಾಲುವೆ ದಂಡೆಯ ಹುಣಸೆಮರದ ಕೆಳಗೆ ಬುತ್ತಿ ಬಿಚ್ಚಿದ್ದರು. ಮೇಲೆ ಎಲೆಗಳ ನಡುವೆ ಹೆಬ್ಬೆಟ್ಟಿನಷ್ಟು ಗಾತ್ರದ, ಎಲೆಯದೇ ಬಣ್ಣದ ಹಕ್ಕಿಯೊಂದು ಹಾರಾಡುತ್ತಿತ್ತು. ಉಲಿಯಕ್ಕಿ. ಚಳಿಗಾಲಕ್ಕೆ ಬಂದು ಹೋಗುವ ಆ ಹಕ್ಕಿ ಅವಳ ಪಟ್ಟಿಯಲ್ಲಿ ಹಳೆಯದೇ. ಮೊಗುಲಪ್ಪ ಫೋಟೋ ತೆಗೆದು, ಕ್ಯಾಮೆರಾದ ಪರದೆಯನ್ನು ಅವಳ ಫೋನಿನಲ್ಲಿ ಹಿಡಿದು ಅಲ್ಲಿಂದಲೇ ಗುಂಪಿಗೆ ಹಾಕಿ, ಹಳೆಯ ಹೆಸರನ್ನೇ ಬರೆದುಬಿಟ್ಟ. ಅನಂತಮ್ಮ ಬಾಯಲ್ಲಿದ್ದ ತುತ್ತು ನುಂಗದೆ ಮೇಲೆ ನೋಡುತ್ತ ಕೂತಿದ್ದಳು. ಹಳೆಯದು ಎರಡು ಲಾಳಿ ಹೊಡೆದಂತೆ ಎರಡೇ ತುಂಡಾಗಿ ಕೂಗುತ್ತದೆ, ಇದು ಮೂರು ತುಂಡು, ಇದು ಅದಲ್ಲ ಅಂದಳು. ನೋಡಲು ಎರಡೂ ಒಂದೇ ಥರ ಇದ್ದರೂ ಇದು ಬೇರೆಯೇ ಜಾತಿ ಅಂದಳು. ಇವನ ಕೈಯಿಂದ ಫೋನು ತೆಗೆದುಕೊಳ್ಳುವಷ್ಟರಲ್ಲಿ ಹಕ್ಕಿ ಹಾರಿತು.

“ನಾಳೆ ಮತ್ತ ಬರೂಣ್ರಿ. ಕೂಗು ಹಿಡಕೊಂಡು ಹೋಗೂಣು,” ಅಂದಳು.

ಮೊಗುಲಪ್ಪನಿಗೆ ಕೆಣಕಿದಂತಾಯಿತು. ನಿಜ ಹೇಳಬೇಕೆಂದರೆ ತನಗೆ ಕೇಳದ್ದನ್ನು ಅವಳು ಕೇಳಿದಾಗಲೆಲ್ಲ ಅವನಿಗೆ ಒಳಗೊಳಗೇ ಸಣ್ಣ ಸಿಟ್ಟು ಬರುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಿಕೊಂಡವನಲ್ಲ. ಅಂದು ಆ ಸಿಟ್ಟು ಹೊರಗೆ ಬಂತು.

“ಕಿವಿ ಕೇಳಿದ್ದು ಯಾರಿಗೆ ತೋರಸಾಕ ಬರತೈತಿ? ಫೋಟೋದಾಗ ಇದ್ದದ್ದು ಖರೆ. ಯುಗಾದಿಗೆ ಸೀರಿ ಕೊಡಬೇಕು, ನೀ ಆಚೆ ಕಡೆ ಕೂಡದಿದ್ರ ಮಗ್ಗ ನಡೆಂಗಿಲ್ಲ. ಹಕ್ಕಿ ಎಲ್ಲಿ ಹೋಗತೈತಿ, ಮುಂದಿನ ವರ್ಷ ಬರತೈತಿ ಬಿಡು.”

ಎರಡು ದಿನ ಮಗ್ಗದ ಆಚೆ ಬದಿಯಿಂದ ತುಟಿಯೂ ಆಡಲಿಲ್ಲ. ಮೂರನೆಯ ದಿನ ಸರಿಹೋಯಿತು, ಗಂಡ ಹೆಂಡತಿಯ ಜಗಳ ಎಷ್ಟು ದಿನದ್ದು. ಆದರೆ ಆ ಮಾತು ಅಲ್ಲೇ ನಿಂತಿತು. ಅವಳೂ ಮತ್ತೆ ಎತ್ತಲಿಲ್ಲ, ಇವನೂ ಎತ್ತಲಿಲ್ಲ. ಆಷಾಢದಲ್ಲಿ ಅವಳಿಗೆ ಜ್ವರ ಬಂತು. ಐದನೆಯ ದಿನಕ್ಕೆ ಎಲ್ಲ ಮುಗಿಯಿತು.

ಮೂರು ಲಾಳಿಯ ಮಗ್ಗದಲ್ಲಿ ಒಬ್ಬನೇ ಏನು ಮಾಡುವುದು. ಮೊಗುಲಪ್ಪ ಒಂದೇ ಲಾಳಿಯಲ್ಲಿ ಮುಗಿಯುವ ಸಾದಾ ಚೌಕಡಿ ಸೀರೆ ಹಿಡಿದ. ಆಚೆ ಬದಿಯ ಮಣೆಯನ್ನು ತೆಗೆಯಲಿಲ್ಲ, ಅದರ ಮೇಲೆ ಕ್ಯಾಮೆರಾ ಇಡತೊಡಗಿದ. ವಾರಕ್ಕೊಮ್ಮೆ ಹೋಗಿ ಏನಾದರೂ ಹಿಡಿದು ತಂದು ಅನಂತಮ್ಮನ ಹೆಸರಿನಲ್ಲೇ ಹಾಕುತ್ತಿದ್ದ. ಕೊಕ್ಕರೆ, ಟಿಟ್ಟಿಭ, ನೀಲಕಂಠ, ಎಲ್ಲ ಹಳೆಯವೇ. ಬೆಳಿಗ್ಗೆ ಏಳಕ್ಕೆ ಪ್ರಶಾಂತಿ ಮೇಡಂ ‘ಅಮ್ಮಾ, ನಮಸ್ಕಾರ’ ಎಂದು ಹಾಕುವುದು ತಪ್ಪುತ್ತಿರಲಿಲ್ಲ. ‘ನಮಸ್ಕಾರ ತಾಯಿ’ ಎಂದು ಇವನು ಒತ್ತುತ್ತಿದ್ದ. ಇಡೀ ದಿನದಲ್ಲಿ ಅವನೊಡನೆ ಯಾರಾದರೂ ಆಡುತ್ತಿದ್ದ ಮಾತೆಂದರೆ ಅದೊಂದೇ, ಅದೂ ಅವನಿಗೆ ಆಡಿದ್ದಲ್ಲ. ದನಿ ಯಾಕೆ ಕಳಿಸುತ್ತಿಲ್ಲ ಎಂದು ಮೇಡಂ ಕೇಳಿದಾಗ ಗಂಟಲು ಕಟ್ಟಿದೆ ಎಂದು ಬರೆದ. ಎಂಟು ತಿಂಗಳು ಕಟ್ಟಿದ ಗಂಟಲನ್ನು ಯಾವ ಡಾಕ್ಟರೂ ಕಂಡಿರಲಿಕ್ಕಿಲ್ಲ. ಜ್ಯೇಷ್ಠಮಧು ಚೀಪಿರಿ ಎಂದು ಮಹೇಂದರ್ ಬೇರೆ ಬರೆದ. ಕರೆ ಬಂದರೆ ಎತ್ತುತ್ತಿರಲಿಲ್ಲ.

ಎದುರು ಮನೆಯ ಯಂಕಣ್ಣನೂ ನೇಕಾರನೇ, ಬಾಯಿ ಸ್ವಲ್ಪ ಉದ್ದ. ಒಂದು ಸಂಜೆ ಕಟ್ಟೆಯ ಮೇಲೆ ಕೂತು, ನಿನ್ನ ಮನೆಗೆ ಯಾರು ಬಂದಿದ್ದಾರೆ, ಊಟದ ಹೊತ್ತಿಗೆ ಬಹಳ ಮಾತು ಕೇಳಿಸುತ್ತದಲ್ಲ ಎಂದು ಕಣ್ಣು ಮಿಟುಕಿಸಿ ಕೇಳಿದ. ಯಾರೂ ಬಂದಿರಲಿಲ್ಲ. ಓಣಿಯಲ್ಲಿ ಯಾರದೋ ಟಿವಿ ಇದ್ದೀತು ಎಂದು ಮೊಗುಲಪ್ಪ ತಲೆ ಕೆಡಿಸಿಕೊಳ್ಳಲಿಲ್ಲ.

ಈ ವರ್ಷ ಹೋಳಿ ಬಂತು. ಓಣಿಯ ಮಕ್ಕಳು ಬಣ್ಣ ಎರಚಿದ್ದು ನೋಡಿದ ಕೂಡಲೇ ಅವನಿಗೆ ಆ ಹಕ್ಕಿ ನೆನಪಾಯಿತು. ಹುಣ್ಣಿಮೆಯಿಂದ ಯುಗಾದಿಗೆ ಹದಿನೈದು ದಿನ. ಉತ್ತರಕ್ಕೆ ಮರಳುವ ಆ ಸಣ್ಣ ಹಕ್ಕಿಗಳು ಈ ಕಡೆ ಇಳಿದು ದಾಟಿಹೋಗುವುದು ಆ ದಿನಗಳಲ್ಲೇ. ಅವಳ ಹಕ್ಕಿಯನ್ನು ಅವಳ ಪಟ್ಟಿಗೆ ಸೇರಿಸಬೇಕು, ಅವಳು ಹೇಳಿದ್ದು ನಿಜವೆಂದು ನಲವತ್ತಾರು ಮಂದಿಯೂ ಅನ್ನಬೇಕು. ಬೇರೇನೂ ಬೇಕಿರಲಿಲ್ಲ ಅವನಿಗೆ. ಹೋದ ವರ್ಷದ ಫೋಟೋವನ್ನೇ ಮತ್ತೆ ಕಳಿಸಿ, ಇದು ಮೂರು ತುಂಡಿನ ಕೂಗಿನದು ಎಂದು ಬರೆದು ನೋಡಿದ. ಪ್ರಶಾಂತಿ ಮೇಡಂ ಬಹಳ ಪ್ರೀತಿಯಿಂದಲೇ ಉತ್ತರ ಕೊಟ್ಟರು. ಆ ಎರಡು ಜಾತಿಯನ್ನು ಕಣ್ಣಿನಿಂದ ಬೇರೆ ಮಾಡಲು ತನಗೂ ಬರುವುದಿಲ್ಲ, ಕೂಗು ಕೇಳದೆ ಒಪ್ಪಲಾರೆ, ಅಮ್ಮಾ, ಕೂಗು ಹಿಡಿಯುವುದರಲ್ಲಿ ನಿಮ್ಮ ಸಮ ಯಾರಿದ್ದಾರೆ, ಹಿಡಿದು ಕಳಿಸಿ ಎಂದರು.

ಕೇಳಿದಿರಲ್ಲ, ಕಿವಿಯಿಲ್ಲದವನ ಪಾಲಿಗೆ ಎಂಥ ಕೆಲಸ ಬಂತು.

ಮೊದಲ ಸಲ ಹೋದಾಗ ಮರ ಖಾಲಿ. ಎರಡನೆಯ ಸಲ ಹಕ್ಕಿ ಇತ್ತು. ಫೋನು ಚಾಲೂ ಮಾಡಿ, ಕೈ ಸೋಲುವವರೆಗೆ ಮರಕ್ಕೆ ಎತ್ತಿ ಹಿಡಿದು ನಿಂತ. ಮನೆಗೆ ಬಂದು ಕಿವಿಗೆ ಒತ್ತಿ ಹಿಡಿದು ಕೇಳಿದರೆ ಗಾಳಿ, ಮತ್ತೆ ಗಾಳಿ, ದೂರದ ಟ್ರ್ಯಾಕ್ಟರು. ಹಕ್ಕಿ ಕೂಗಿತ್ತೋ ಇಲ್ಲವೋ ಅವನಿಗೆ ಹೇಗೆ ಗೊತ್ತಾಗಬೇಕು. ಯಂಕಣ್ಣನನ್ನು ಕೇಳಬಹುದಿತ್ತು. ಆದರೆ ಯಂಕಣ್ಣನಿಗೆ ಹೇಳಿದರೆ ಊರಿಗೇ ಹೇಳಿದಂತೆ, ಹೆಂಡತಿಯ ಹೆಸರಲ್ಲಿ ಫೋನು ನಡೆಸುತ್ತಾನೆ ಎಂದು ನಾಳೆ ಹೋಟೆಲಿನಲ್ಲಿ ನಗುತ್ತಾರೆ. ಆ ಧ್ವನಿಯನ್ನು ಅಳಿಸಿಬಿಟ್ಟ.

ಮೂರನೆಯ ಸಲ ಹೊರಟಾಗ ಯುಗಾದಿಗೆ ಎರಡೇ ದಿನ ಉಳಿದಿತ್ತು. ಬೆಳಗಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಹಳೆಯ ರೂಢಿಯಂತೆ ಪಕ್ಕದಲ್ಲಿ ಅನಂತಮ್ಮ ಇದ್ದಾಳೆಂದುಕೊಂಡು ತುಟಿ ಆಡಿಸುತ್ತಿದ್ದ. ಬೇವು ಹೂವಾಗಿದೆ ನೋಡು, ಊಟ್ಕೂರು ಕೆರೆಯಲ್ಲಿ ನೀರು ಇಳಿದಿದೆ ನೋಡು ಎಂದು. ಸತ್ತ ಮೇಲೂ ಇದೊಂದನ್ನು ಬಿಟ್ಟಿರಲಿಲ್ಲ. ತುಟಿಯ ಮಾತು, ಯಾರಿಗೆ ಏನು ತೊಂದರೆ. ಮುಂದಿನ ಸೀಟಿನ ಮುದುಕಿ ತಿರುಗಿ ಅವನ ಮುಖವನ್ನೂ ಪಕ್ಕದ ಖಾಲಿ ಜಾಗವನ್ನೂ ನೋಡಿದಳು. ಮತ್ತೆ ಮುಂದಕ್ಕೆ ತಿರುಗಿ ಚೀಲವನ್ನು ತೊಡೆಗೆ ಎಳೆದುಕೊಂಡಳು.

ಹುಣಸೆಮರದ ಕೆಳಗೆ ಹಕ್ಕಿ ಕಾದಿದ್ದಂತೆಯೇ ಇತ್ತು. ಮೊಗುಲಪ್ಪ ಮೊದಲು ಫೋಟೋ ತೆಗೆದ. ಆಮೇಲೆ ಫೋನು ಚಾಲೂ ಮಾಡಿ ಈ ಸಲ ಕೈಯಲ್ಲಿ ಹಿಡಿಯದೆ ಕವಲು ಕೊಂಬೆಯಲ್ಲಿ ಇಟ್ಟ. ಕೆಳಗೆ ಕಲ್ಲಿನ ಮೇಲೆ, ಹೋದ ವರ್ಷ ಅವಳು ಕೂತಿದ್ದ ಜಾಗ ಬಿಟ್ಟು ಪಕ್ಕಕ್ಕೆ ಕೂತ. ಕ್ಯಾಮೆರಾದಲ್ಲಿ ನೋಡಿದರೆ ಹಕ್ಕಿಯ ಕೊಕ್ಕು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಕೂಗುತ್ತಿದೆಯೋ, ಆಕಳಿಸುತ್ತಿದೆಯೋ. ಅಷ್ಟು ಹತ್ತಿರ ಇದ್ದು, ಅಷ್ಟು ಸ್ಪಷ್ಟ ಕಾಣುತ್ತ, ಮೂಕಿಯಂತೆ ಕೊಕ್ಕು ಆಡಿಸುವ ಆ ಹಕ್ಕಿಯನ್ನು ನೋಡಿ ಅವನಿಗೆ ಎಂದೂ ಇಲ್ಲದ ದುಃಖ ಬಂತು. ಹಕ್ಕಿಯದೂ ತುಟಿಯ ಮಾತೇ ಆಯಿತು, ಅದನ್ನು ಓದಲು ಮಾತ್ರ ಅವನಿಗೆ ಬರುತ್ತಿರಲಿಲ್ಲ. ಪಕ್ಕದ ಕಲ್ಲಿನ ಕಡೆ ತಿರುಗಿ ತುಟಿಯಲ್ಲಿ ಅನಂತಮ್ಮನನ್ನು ಕೇಳಿದ. ಎರಡೋ ಮೂರೋ ಹೇಳು ಎಂದು ಕೇಳಿದ, ಸುಮ್ಮನೆ ಕಾದ, ಮತ್ತೆ ಕೇಳಿದ. ಹತ್ತು ಹನ್ನೆರಡು ನಿಮಿಷ ಹಾಗೇ ಹೋಯಿತು. ಹಕ್ಕಿ ಹಾರಿತು.

ಹಿಂದಿನ ಸಲದಂತೆ ಕೇಳಿ ನೋಡಿದರೆ ಮತ್ತೆ ಅಳಿಸಿಬಿಡುತ್ತೇನೆ ಎಂದು ತನ್ನ ಮೇಲೆಯೇ ನಂಬಿಕೆಯಿಲ್ಲದೆ, ಅಲ್ಲೇ, ಕೇಳದೆಯೇ, ಫೋಟೋವನ್ನೂ ಧ್ವನಿಯನ್ನೂ ಗುಂಪಿಗೆ ಕಳಿಸಿದ. ‘ಅನಂತಮ್ಮ. ಸಂಗಂಬಂಡ. ಮೂರು ಲಾಳಿ’ ಎಂದು ಕೆಳಗೆ ಬರೆದ.

ಅಂದು ಸಂಜೆಯವರೆಗೆ ಯಾರೂ ಒಂದಕ್ಷರ ಬರೆಯಲಿಲ್ಲ. ಕೈ ಮುಗಿದ ಚಿತ್ರವಿಲ್ಲ, ಹೆಬ್ಬೆಟ್ಟಿಲ್ಲ. ಓದಿದ್ದಾರೆ ಎಂದು ತೋರಿಸುವ ನೀಲಿ ಗೆರೆಗಳು ಮಾತ್ರ ಬಂದವು. ಮರುದಿನ ಬೆಳಿಗ್ಗೆ ಏಳಾಯಿತು, ಏಳೂವರೆಯಾಯಿತು. ‘ಅಮ್ಮಾ, ನಮಸ್ಕಾರ’ ಬರಲಿಲ್ಲ. ಏನೋ ತಪ್ಪಾಗಿದೆ ಎಂದು ಮೊಗುಲಪ್ಪನಿಗೆ ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ಮಗ್ಗಕ್ಕೆ ಕೂತ. ನೂಲು ಮೂರು ಸಲ ಹರಿಯಿತು.

ಹನ್ನೊಂದರ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಮೂವತ್ತು ಮೂವತ್ತೈದರ ಹೆಣ್ಣುಮಗಳು, ಹೆಗಲಿಗೆ ಚೀಲ, ಬಿಸಿಲಿಗೆ ಕೆಂಪಾದ ಮುಖ. ಗದ್ವಾಲದಿಂದ ಮೊದಲ ಬಸ್ಸಿಗೆ ಬಂದು, ಓಣಿಯಲ್ಲಿ ಕೇಳುತ್ತ ಮನೆ ಹುಡುಕಿದ್ದರು. ನಾನು ಪ್ರಶಾಂತಿ ಎಂದು ಹೇಳಿ ಒಳಗೆ ಬಂದವರ ಕಣ್ಣು ನೇರವಾಗಿ ಗೋಡೆಯ ಮೇಲೆ ಹೋಯಿತು. ಅಲ್ಲಿ ಅನಂತಮ್ಮನ ಫೋಟೋ ಇತ್ತು, ಅದಕ್ಕೆ ಒಣಗಿದ ಹಾರ ಇತ್ತು. ಮೇಡಂ ಅದರ ಮುಂದೆ ಹೋಗಿ ನಿಂತರು. ಆ ಮುಖವನ್ನು ಅವರು ನೋಡುತ್ತಿದ್ದದ್ದು ಅದೇ ಮೊದಲು.

“ಯಾವಾಗ?” ಅಂದರು.

“ಆಷಾಢದಾಗ್ರೀ.”

ಅವರು ಅತ್ತರು. ಅತ್ತು ಮುಗಿದ ಮೇಲೆ ಸಿಟ್ಟಾದರು, ಮೊಗುಲಪ್ಪನಿಗೆ ತುಟಿ ಕಾಣುವಂತೆ ಎದುರು ಕೂತೇ ಸಿಟ್ಟಾದರು. “ಎಂಟು ತಿಂಗಳು ನಾ ದಿನಾ ಅವರಿಗೆ ನಮಸ್ಕಾರ ಹೇಳೀನಿ, ಕಾಕಾ. ಜ್ವರ ಹ್ಯಾಂಗೈತಿ ಅಂತ ಕೇಳೀನಿ. ನನಗ ಒಂದು ಮಾತು ಹೇಳಬಾರದಿತ್ತೇನು? ಅವರ ಸಲುವಾಗಿ ನಾ ಆವಾಗ ಅಳೋದಿತ್ತು. ಅದನ್ನ ನೀವು ಕಸಕೊಂಡ್ರಿ.”

ಮೊಗುಲಪ್ಪ ತಲೆ ತಗ್ಗಿಸಿದ. ತಾನೊಬ್ಬನೇ ಅವಳನ್ನು ಕಳೆದುಕೊಂಡವನು ಎಂದು ಅವನು ತಿಳಿದಿದ್ದ. ಬೇರೆಯವರ ಪಾಲೂ ತನ್ನ ಕೈಯಲ್ಲಿತ್ತು ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ತಪ್ಪಾಯಿತು ಎಂದು ಹೇಳಿದ. ಹೇಗೆ ಗೊತ್ತಾಯಿತು ಎಂದು ಆಮೇಲೆ ಕೇಳಿದ.

ಮೇಡಂ ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಮಗ್ಗದ ಮೇಲೆ, ನೇಯ್ದ ಬಟ್ಟೆಯ ಮೇಲೆಯೇ ಇಟ್ಟರು. ದನಿಯನ್ನು ಚಿತ್ರ ಮಾಡಿ ತೋರಿಸುವ ವಿದ್ಯೆಯೊಂದಿದೆ, ಹಕ್ಕಿಯವರು ಅದನ್ನು ಬಳಸುತ್ತಾರೆ ಅಂದರು. ಪರದೆಯ ಮೇಲೆ ಬೂದು ಬಣ್ಣದ ಉದ್ದನೆಯ ಪಟ್ಟಿ ಬಂತು. ಕೆಳಗಿನ ಸಾಲು ದಪ್ಪ ದನಿ, ಮೇಲಿನ ಸಾಲು ಸಣ್ಣ ದನಿ, ಎಡದಿಂದ ಬಲಕ್ಕೆ ಹೊತ್ತು ಸಾಗುತ್ತದೆ ಎಂದು ಬೆರಳಿಟ್ಟು ವಿವರಿಸಿದರು. ಮೊಗುಲಪ್ಪನಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಅಂಚಿನ ಚಿತ್ರವನ್ನು ಚೌಕಳಿ ಹಾಳೆಯ ಮೇಲೆ ಬರೆದುಕೊಂಡು ನೇಯುವವನು ಅವನು. ಮೇಲಿನ ಸಾಲಿನಲ್ಲಿ ಸಣ್ಣ ಗೆರೆಗಳಿದ್ದವು. ಒಂದು, ಎರಡು, ಮೂರು, ಆಮೇಲೆ ಖಾಲಿ. ಮತ್ತೆ ಒಂದು, ಎರಡು, ಮೂರು. ಅವನು ಬೆರಳಿನಿಂದ ಮುಟ್ಟಿ ಎಣಿಸಿದ. ಅವಳು ಕೇಳಿದ್ದು ಇದು.

“ಮೂರು,” ಅಂದ.

“ಮೂರೇ. ಅಮ್ಮ ಹೇಳಿದ್ದು ಖರೆ ಐತಿ,” ಅಂದರು ಮೇಡಂ.

ಆಮೇಲೆ ಅವನು ಕೆಳಗೆ ನೋಡಿದ. ಅಲ್ಲಿ ಕಪ್ಪಗೆ, ದಟ್ಟವಾಗಿ, ಅಗಲ ಅಂಚಿನ ಹಾಗೆ ತುಂಡುತುಂಡಾಗಿ ಏನೋ ಇತ್ತು. ಟ್ರ್ಯಾಕ್ಟರೇನ್ರಿ ಎಂದು ಕೇಳಿದ.

ಮೇಡಂ ಅವನ ಕಡೆ ತಿರುಗಿದರು. “ಅದು ನೀವು, ಕಾಕಾ.”

“ನಾ ಮಾತಾಡಿಲ್ಲರೀ. ಬರೇ ತುಟಿ.”

“ಇಲ್ಲ, ಕಾಕಾ. ದನಿ ಐತಿ. ದೊಡ್ಡ ದನಿ ಐತಿ. ‘ಅನಂತಿ, ಎರಡೋ ಮೂರೋ ಚೂರು ಕೇಳಿ ಹೇಳ. ನನಗ ಕೇಳವಲ್ದು. ನೀ ಹೋದ ಮ್ಯಾಲ ನನಗ ಯಾವ ಹಕ್ಕಿನೂ ಸಿಗವಲ್ದು’ ಅಂತ ಅಂದೀರಿ. ಹನ್ನೊಂದು ಸಲ ಕೇಳೀರಿ.” ಅವರ ಬೆರಳು ಕಪ್ಪು ತುಂಡಿನಿಂದ ಮೇಲಿನ ಮೂರು ಗೆರೆಗೆ ಹೋಯಿತು. “ನೀವು ಸುಮ್ಮನಾದಾಗೆಲ್ಲ ಅದು ಕೂಗೈತಿ ನೋಡ್ರಿ.”

ಭಿವಂಡಿಯ ಶೆಡ್ಡಿನಲ್ಲಿ ತುಟಿ ಆಡಿಸುವಾಗ ಗಂಟಲಿನಿಂದ ದನಿ ಹೊರಡುತ್ತಿತ್ತೋ ಇಲ್ಲವೋ, ಯಾರಿಗೆ ತಿಳಿದಿತ್ತು. ನಲವತ್ತು ಮಗ್ಗದ ಬಡಿತದಲ್ಲಿ ಹೊರಟರೂ ಒಂದೇ, ಹೊರಡದಿದ್ದರೂ ಒಂದೇ. ತಾನು ಮೌನವಾಗಿ ಆಡುತ್ತಿದ್ದೇನೆ ಎಂದು ಮೊಗುಲಪ್ಪ ಮೂವತ್ತು ವರ್ಷದಿಂದ ನಂಬಿದ್ದ. ಈಗ ಒಂದೊಂದಾಗಿ ನೆನಪಾಯಿತು. ಬಸ್ಸಿನ ಮುದುಕಿ. ಯಂಕಣ್ಣನ ಕಣ್ಣು ಮಿಟುಕು. ಎಂಟು ತಿಂಗಳಿಂದ ಊಟದ ತಟ್ಟೆಯ ಮುಂದೆ, ಮಗ್ಗದ ಮುಂದೆ, ಹಾಸಿಗೆಯಲ್ಲಿ ಅವಳಿಗೆ ಆಡಿದ ಪ್ರತಿಯೊಂದು ಮಾತೂ ಓಣಿಗೆಲ್ಲ ಕೇಳಿಸಿತ್ತು. ಕೇಳಿಸಬೇಕಾದವಳೊಬ್ಬಳನ್ನು ಬಿಟ್ಟು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಮತ್ತೆ, ವಿಚಿತ್ರವೆಂದರೆ, ನಾಚಿಕೆ ಬಹಳ ಹೊತ್ತು ನಿಲ್ಲಲಿಲ್ಲ. ಅವನು ಆ ಪಟ್ಟಿಯನ್ನೇ ನೋಡುತ್ತಿದ್ದ.

“ಹಂಗಾದ್ರ ನೂರೈವತ್ತು ಆತಲ್ಲರಿ,” ಅಂದ. “ಹೋದ ವರ್ಷದ ತಾರೀಖು ಹಾಕಿ ಅಕಿ ಹೆಸರಿಗೆ ಬರೀರಿ. ಅಕಿ ಕೇಳಿದ್ದು ಆವಾಗ.”

ಪ್ರಶಾಂತಿ ಮೇಡಂ ಲ್ಯಾಪ್‌ಟಾಪಿನ ಮೇಲೆ ಕೈ ಇಟ್ಟುಕೊಂಡು ಕೂತರು. ಆಮೇಲೆ, ಅವನು ತಪ್ಪದೆ ಓದಲಿ ಎಂಬಂತೆ ನಿಧಾನವಾಗಿ ಹೇಳಿದರು. “ಬರಿಯಾಕ ಬರಂಗಿಲ್ಲ, ಕಾಕಾ. ಹೋದ ವರ್ಷದ ಕೂಗು ನಮ್ಮ ಕಡೆ ಇಲ್ಲ. ಇದು ಈ ವರ್ಷದ್ದು. ಈ ವರ್ಷ ಅಲ್ಲಿ ಇದ್ದವರು ನೀವು.”

“ನಾ ಕೇಳೇ ಇಲ್ಲಲ್ಲರೀ.”

“ಕೇಳಿಲ್ಲ. ಇದ್ದಿರಿ.”

ಅವನು ವಾದ ಮಾಡಲಿಲ್ಲ. ಮುಂದಿನ ವರ್ಷ ಬರತೈತಿ ಬಿಡು ಎಂದಿದ್ದವನು ತಾನೇ. ಹೇಳಿದ ಮಾತಿನಂತೆ ಹಕ್ಕಿ ಬಂದಿತ್ತು. ಒಂದು ದಿನ ಮಗ್ಗ ನಿಲ್ಲಿಸಿ ಅವಳೊಡನೆ ಹೋಗಿದ್ದರೆ ಅದು ಅವಳದಾಗುತ್ತಿತ್ತು. ಯುಗಾದಿಗೆ ಕೊಟ್ಟ ಆ ಸೀರೆಯನ್ನು ಯಾರು ಉಟ್ಟರೋ, ಎಲ್ಲಿದ್ದಾರೋ. ಅದರ ಬಣ್ಣ ಕೂಡ ಅವನಿಗೆ ಈಗ ನೆನಪಿರಲಿಲ್ಲ.

ಹೋಗುವ ಮುಂಚೆ ಮೇಡಂ ಅವನ ಹೆಸರಿಗೆ ಹೊಸ ಪಟ್ಟಿ ತೆರೆದು ಕೊಟ್ಟರು. ಅನಂತಮ್ಮನದು ನೂರಾ ನಲವತ್ತೊಂಬತ್ತಕ್ಕೆ ನಿಂತಿತು. ಮೊಗುಲಪ್ಪನದರಲ್ಲಿ ಒಂದು ಹಕ್ಕಿ, ಅವನು ಎಂದೂ ಕೇಳದ, ಇನ್ನು ಮುಂದೆಯೂ ಕೇಳಲಾರದ ಹಕ್ಕಿ. ಗುಂಪಿನವರಿಗೆ ನಾನು ಹೇಳುವುದಿಲ್ಲ, ನೀವೇ ಹೇಳಬೇಕು, ಅವರು ಕಾಯುತ್ತಿದ್ದಾರೆ ಎಂದು ಹೇಳಿ, ಅನಂತಮ್ಮನ ಫೋಟೋಗೆ ಕೈ ಮುಗಿದು ಹೊರಟರು. ಬಾಗಿಲವರೆಗೆ ಹೋದವರು ತಿರುಗಿ, ನಾಳೆ ಬೆಳಿಗ್ಗೆ ಏಳಕ್ಕೆ ನಮಸ್ಕಾರ ಹಾಕುತ್ತೇನೆ, ನಿಮಗೆ ಅಂದರು. ಆಯಿತು ಎಂದು ಇವನು ತಲೆಯಾಡಿಸಿದ. ಅದು ಬೇರೆ ನಮಸ್ಕಾರ ಎಂಬುದು ಇಬ್ಬರಿಗೂ ಗೊತ್ತಿತ್ತು.

ಸಂಜೆಯ ಬಿಸಿಲು ಹೊಸ್ತಿಲಿಗೆ ಬಂದಾಗ ಮೊಗುಲಪ್ಪ ಅಲ್ಲಿಯೇ ಕೂತು ಫೋನು ತೆಗೆದ. ಎಂಟು ತಿಂಗಳ ಹಿಂದೆ ಅರ್ಧಕ್ಕೆ ಬಿಟ್ಟಿದ್ದ ಮಾತನ್ನು ಒಂದೊಂದೇ ಅಕ್ಷರ ಒತ್ತಿ ಮುಗಿಸಿದ. ‘ಜ್ವರ ಬಂದಿತ್ತು. ಐದು ದಿನಕ್ಕೆ ಹೋದಳು. ಇಷ್ಟು ದಿನ ಬರೆದವನು ನಾನು, ಅವಳ ಗಂಡ ಮೊಗುಲಪ್ಪ. ಹಕ್ಕಿ ಅವಳು ಹೇಳಿದ್ದೇ.’ ಕಳಿಸಿ, ಉತ್ತರ ನೋಡದೆ ಫೋನನ್ನು ಗೂಡಿನಲ್ಲಿಟ್ಟ.

ಒಳಗೆ ಬಂದು ಮಗ್ಗದ ತನ್ನ ಬದಿಗೆ ಕೂತ. ಆಚೆ ಬದಿಯ ಮಣೆಯ ಮೇಲಿದ್ದ ಕ್ಯಾಮೆರಾವನ್ನು ಎತ್ತಿ ಪಕ್ಕಕ್ಕಿಟ್ಟು ಮಣೆಯನ್ನು ಖಾಲಿ ಮಾಡಿದ. ಬಾಯಿ ತೆರೆದರೆ ದನಿ ಹೊರಗೆ ಹೋಗುತ್ತದೆ ಎಂದು ಈಗ ಅವನಿಗೆ ಗೊತ್ತಿತ್ತು. ಗೊತ್ತಿದ್ದೇ, ತುಟಿ ಸಾಲದೆಂದು, ಗಂಟಲೆತ್ತಿ ಹೇಳಿದ.

“ನೀ ಕೇಳಿದ್ದು ಖರೆ ಇತ್ತು, ಅನಂತಿ. ನಾ ಮರುದಿನ ಬರಬೇಕಾಗಿತ್ತು.”

ಎದುರು ಕಟ್ಟೆಯ ಮೇಲೆ ಕೂತಿದ್ದ ಯಂಕಣ್ಣ ತಲೆ ಎತ್ತಿ ಬಾಗಿಲ ಕಡೆ ನೋಡಿದ. ಯಾರು ಬಂದಿದ್ದಾರೆ ಎಂದು ಅವನು ಕೇಳಲಿಲ್ಲ.